ಕುಳಿ ಒರೆಸಿದ ಚಂದ್ರ

ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಬಾಜು ಕಾಶಿನಾಥನ ಫೋಟೋ ಸ್ಟುಡಿಯೋ. ಅವನ ಕೈಗೆ ಸಿಕ್ಕ ಮುಖದಲ್ಲಿ ಒಂದು ಮಚ್ಚೆ ಉಳಿದರೆ ಕೇಳಿ! ದೀಪವನ್ನು ನೇರ ಮುಖಕ್ಕೇ ಹಿಡಿದು ನೆರಳು ಅಡಗಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಕಲೆ ಒರೆಸುವುದು, ಇಷ್ಟೇ ಅವನ ವಿದ್ಯೆ.

ಮಗಳು ಅಮೃತಾಳಿಗೆ ಆ ವಿದ್ಯೆಯೇ ಕಂಟಕವಾಯಿತು. ಸಣ್ಣವಳಿದ್ದಾಗ ಬಂದ ಸೀತಾಳ ಸಿಡುಬು ಅವಳ ಕೆನ್ನೆ ತುಂಬ ಕುಳಿ ಬಿಟ್ಟುಹೋಗಿತ್ತು. ಅಪ್ಪ ಒರೆಸಿ ಕಳಿಸಿದ ಫೋಟೋ ಮೆಚ್ಚಿ ಮಿಶ್ರಿಕೋಟಿಯವರು ಕನ್ಯಾ ನೋಡಲು ಬಂದರು. ಹುಡುಗಿಯನ್ನು ನೋಡಿದರು, ಮೊಬೈಲ್ ನೋಡಿದರು, ಉಪ್ಪಿಟ್ಟಿನ ತಾಟು ಮುಟ್ಟದೆ ಎದ್ದರು. ಇವಳೇ ಮೋಸ ಮಾಡಿದಳೇನೋ ಎಂಬಂಥ ಆ ನೋಟ ಅಮೃತಾಳಿಗೆ ಇವತ್ತಿಗೂ ಚುಚ್ಚುತ್ತದೆ.

ಅವಳ ಹುಚ್ಚೇ ಬೇರೆ. ಮದುವೆಗೆ ಒಯ್ಯುವ ಉದ್ದ ಲೆನ್ಸು ಹಾಕಿ ಮಾಳಿಗೆ ಮೇಲಿಂದ ಚಂದ್ರನ ಕುಳಿಗಳ ಫೋಟೋ ತೆಗೆಯುತ್ತಿದ್ದಳು. ಹುಣ್ಣಿಮೆ ಅವಳಿಗೆ ಬೇಡ. ಬಿಸಿಲು ನೇರ ಬಿದ್ದರೆ ಚಂದ್ರನೂ ಬರೀ ತಾಟು. ಅಷ್ಟಮಿ ಸಂಜೆ ಅವನ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗಲೇ ಒಂದೊಂದು ಕುಳಿಯೂ ತನ್ನ ನೆರಳಿನೊಂದಿಗೆ ಎದ್ದು ಕಾಣುವುದು.

ಅಂಥದೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕೆಂದು ಅಪ್ಪನಿಗೆ ಕೊಟ್ಟಳು. ಬಂದದ್ದು ನೋಡಿದರೆ, ಅಯ್ಯೋ ಶಿವನೇ, ಅರ್ಧ ಮುರಿದ ಇಡ್ಲಿ!

“ಅಪ್ಪಾ, ಏನ್ ಮಾಡೀಪಾ ಇದನ್ನ?”

“ಕಲಿ ಭಾಳ ಇದ್ದೂವವ್ವಾ, ತಗದಬಿಟ್ಟೆ.”

“ಚಂದ್ರನ್ನೂ ಬಿಡಲಿಲ್ಲಲ್ಲ!” ಎಂದವಳೇ ಅಮೃತಾ ಅತ್ತುಬಿಟ್ಟಳು.

ಅದೇ ವಾರ ಶಲವಡಿಯ ರೇಣುಕವ್ವ ತನ್ನ ಮಗನಿಗೆ ತೋರಿಸಲು ಅಮೃತಾಳ ಫೋಟೋ ಕೇಳಿದ್ದಳು. ಅಮೃತಾ ದೀಪವನ್ನು ಬಾಜುವಿಗೆ ಸರಿಸಿ ಕುಳಿತಳು.

“ಈಗ ತಗೀಪಾ. ಒಂದೂ ಒರಸಬ್ಯಾಡ. ಮಿಶ್ರಿಕೋಟಿಯವರ ಮುಂದ ಕುಂತಂಗ ಮತ್ತೊಮ್ಮೆ ಕುಂದ್ರೂದು ನನ್ನ ಕಡಿಂದ ಆಗೂದಿಲ್ಲ.”

ಕಾಶಿನಾಥ ತೆಗೆದ. ಹಾಗೇ ಕಳಿಸಿದ.

ಚಹಾ ಆರುವುದರೊಳಗೆ ರೇಣುಕವ್ವನ ಫೋನು ಬಂತು. “ಫೋಟೋ ಹೊಲಸ ಬಂದೈತ್ರಿ. ಮಾರಿ ಮ್ಯಾಲ ಏನೇನೋ ಕಾಣತಾವು. ಸ್ವಚ್ಛ ಮಾಡಿ ಕಳಸ್ರಿ.”

ಕಾಶಿನಾಥನ ಕೈ ರೂಢಿಯಂತೆ ಮೌಸಿನ ಮೇಲೆ ಹೋಯಿತು. ಮಗಳು ಅವನನ್ನೇ ನೋಡುತ್ತಿದ್ದಳು. ಕೈ ಹಿಂದಕ್ಕೆ ತೆಗೆದ.

“ಫೋಟೋ ಬರೋಬ್ಬರಿ ಐತ್ರೀ ಅಕ್ಕಾರ. ನನ್ನ ಮಗಳ ಮಾರೀನ ಹಂಗೈತಿ.”

ಆಚೆಯಿಂದ ಫೋನು ಕಟ್ಟಾಯಿತು.

“ಇನ್ನ ಅವರು ಬರಾಂಗಿಲ್ಲವ್ವಾ,” ಎಂದ ಕಾಶಿನಾಥ.

“ಹೋಗ್ಲಿ ಬಿಡಪಾ,” ಎಂದಳು ಅಮೃತಾ. ಆದರೂ ಬಂದಾರು ಎಂಬ ಆಸೆ ಅವಳಿಗೂ ಇತ್ತು.