ಸ್ಕೋರಿಂಗ್ ಸಬ್ಜೆಕ್ಟು

ಡಾಕ್ಟರಾಗಬೇಕೆಂಬ ಆಸೆ ಮಗಳದ್ದೇ, ನಾನು ತುರುಕಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳಲಿರುವುದರಲ್ಲಿ ನನ್ನ ಪರವಾಗಿ ನಿಲ್ಲುವ ಸಂಗತಿ ಇದೊಂದೇ. ಅವಳಿಗೆ ಸೀಟು ಸಿಗುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕುವ ಕೆಲಸವನ್ನು ಮಾತ್ರ ನಾನು ವಹಿಸಿಕೊಂಡೆ. ಅದೇ ಸಾಕಾಯಿತು.

ನನಗೆ ಅದು ಕಷ್ಟದ ಕೆಲಸವೇನಲ್ಲ. ಸ್ವೀಡನ್ನಿನ ಸೋಡರ್‌ಟೆಲ್ಯೆ ಊರಿನ ಲಾರಿ ಕಾರ್ಖಾನೆಯಲ್ಲಿ ಯಾವ ಬಿಡಿಭಾಗ ಯಾವಾಗ ಕೈಕೊಡಬಹುದು ಎಂದು ಮೊದಲೇ ಅಂದಾಜು ಮಾಡಿ ಚಿಂತೆ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದನ್ನೇ ಪುಕ್ಕಟೆಯಾಗಿ ಮಾಡುತ್ತೇನೆ. ಮೆಡಿಕಲ್ ಇರುವ ಊರುಗಳನ್ನೆಲ್ಲ ಪಟ್ಟಿ ಮಾಡಿ, ಹಿಂದಿನ ವರ್ಷಗಳಲ್ಲಿ ಕೊನೆಯ ಸೀಟು ಎಷ್ಟು ಅಂಕಕ್ಕೆ ಹೋಯಿತೆಂದು ಬರೆದುಕೊಂಡೆ. ಉತ್ತರಕ್ಕೆ ಹೋದಷ್ಟೂ ಕತ್ತಲು ಜಾಸ್ತಿ, ಹಾಗಾಗಿ ಪೈಪೋಟಿ ಕಡಿಮೆ ಇರಬೇಕೆಂದು ನನ್ನ ಸಿದ್ಧಾಂತ. ದಕ್ಷಿಣದ ಲುಂಡ್‌ಗೂ ಉತ್ತರಕ್ಕೂ ಇದ್ದ ವ್ಯತ್ಯಾಸ ದಶಮಾಂಶದಾಚೆಗಿನ ಎರಡನೆಯ ಸ್ಥಾನದಲ್ಲಿತ್ತು. ಕತ್ತಲಿಗೆ ಹೆದರುವವನು ನಾನೊಬ್ಬನೇ ಎಂದು ಗೊತ್ತಾಯಿತು.

ಇಲ್ಲಿ ಮುಖ್ಯವಾಗಿ ನೋಡುವುದು ಕಾಲೇಜಿಗೆ ಮುಂಚಿನ ಮೂರು ವರ್ಷಗಳ ಗ್ರೇಡುಗಳ ಸರಾಸರಿ. ಎಲ್ಲದರಲ್ಲೂ ಎ ಇರಬೇಕು. ಅದರ ಮೇಲೆ ಕೆಲವು ವಿಷಯಗಳಿಗೆ ಕೊಡುವ ಚೂರುಪಾರು ಹೆಚ್ಚುವರಿ ಅಂಕಗಳೂ ಬೇಕು. ಮಗಳ ಎರಡನೆಯ ವರ್ಷಕ್ಕೆ ವಿಷಯ ಆರಿಸುವ ಫಾರಂ ಬಂದಾಗ ನನ್ನೊಳಗಿನ ಪಿಯುಸಿ ವಿದ್ಯಾರ್ಥಿ ಎದ್ದು ಕೂತ. ನಾನು ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡವನು. ಪ್ರೀತಿಯಿಂದಲ್ಲ. ಉತ್ತರಗಳನ್ನು ಬಹುಪಾಲು ಇಂಗ್ಲಿಷಿನಲ್ಲೇ ಬರೆಯಬಹುದಿತ್ತು, ಮೇಷ್ಟ್ರುಗಳು ಧಾರಾಳವಾಗಿ ಅಂಕ ಕೊಡುತ್ತಿದ್ದರು. ಅಂಥದ್ದಕ್ಕೆ ನಾವು ಸ್ಕೋರಿಂಗ್ ಸಬ್ಜೆಕ್ಟ್ ಎನ್ನುತ್ತಿದ್ದೆವು. ಇವತ್ತಿಗೂ ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳಲು ನನಗೆ ಬಾರದು.

"ಜರ್ಮನ್ ಬಿಡು ಪುಟ್ಟಿ, ಕನ್ನಡ ತಗೋ," ಎಂದೆ. ಮಾತೃಭಾಷೆಯನ್ನು ಒಂದು ವಿಷಯವಾಗಿ ಓದಲು ಇಲ್ಲಿ ಅವಕಾಶವಿದೆ. "ಮನೇಲಿ ದಿನಾ ಮಾತಾಡ್ತೀಯ. ಕಣ್ಣು ಮುಚ್ಕೊಂಡು ಎ ಬರುತ್ತೆ."

"ಅಪ್ಪ, ನಂಗೆ ಓದೋದೇ ಸ್ಲೋ. ಒತ್ತಕ್ಷರ ಬಂದ್ರೆ ಅಲ್ಲೇ ನಿಂತ್ಬಿಡ್ತೀನಿ."

"ಎರಡು ವರ್ಷ ಇದೆಯಲ್ಲ. ಭಾಷೆಗೆ ಎಕ್ಸ್‌ಟ್ರಾ ಪಾಯಿಂಟ್ಸ್ ಬೇರೆ ಇದೆ. ನಾನು ಓದಿದೀನಿ."

ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಪೂರ್ತಿ ಓದಿದ್ರಾ, ಇಲ್ಲಾ ಹೆಡ್ಡಿಂಗ್ ಓದಿದ್ರಾ?"

ಹೆಡ್ಡಿಂಗ್ ಓದಿದ್ದೆ. ಆಧುನಿಕ ಭಾಷೆಗಳಿಗೆ ಹೆಚ್ಚುವರಿ ಅಂಕ ಎಂದು ಸ್ವೀಡಿಷಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಕನ್ನಡ ಆಧುನಿಕವಲ್ಲ ಎಂದು ಯಾರಾದರೂ ಅಂದಾರು ಎಂದು ನನಗೆ ಹೊಳೆಯಲಿಲ್ಲ. ನಾವು ಅದಕ್ಕೆ ಶಾಸ್ತ್ರೀಯ ಭಾಷೆಯ ಪಟ್ಟ ಕಟ್ಟಿಸಿಕೊಂಡು ಹಿಗ್ಗಿದ ಜನ. ಆಧುನಿಕ ಎನ್ನುವ ಪಟ್ಟಕ್ಕೂ ಅರ್ಜಿ ಹಾಕಬೇಕಿತ್ತೆಂದು ಯಾರಿಗೆ ಗೊತ್ತು?

ಗೊತ್ತಾಗಿದ್ದು ಮೂರನೆಯ ವರ್ಷದ ಶುರುವಿನಲ್ಲಿ, ಶಾಲೆಯ ಸಲಹೆಗಾರ್ತಿಯ ಕೋಣೆಯಲ್ಲಿ. ಆಕೆ ತುಂಬ ಮೃದುವಾದ ಹೆಂಗಸು. ಕಾಫಿ ಕೊಟ್ಟು, ದಾಲ್ಚಿನ್ನಿ ಬನ್ನು ಮುಂದಿಟ್ಟು, ಆಮೇಲೆ ಹೇಳಿದಳು: ಆಧುನಿಕ ಭಾಷೆ ಎಂದರೆ ಶಾಲೆಯಲ್ಲಿ ಹೊಸದಾಗಿ ಕಲಿಯುವ ಜರ್ಮನ್, ಫ್ರೆಂಚ್, ಸ್ಪ್ಯಾನಿಷ್‌ನಂಥವು, ಮಾತೃಭಾಷೆಗೆ ಆ ಅಂಕ ಇಲ್ಲ, ಬಿಟ್ಟ ಜರ್ಮನ್ ಹಿಡಿಯಲು ಈಗ ತಡವಾಯಿತು. ಮಗಳು ನನ್ನ ಕಡೆ ನೋಡಲಿಲ್ಲ. ನಾನು ಬನ್ನು ತಿಂದು ಮುಗಿಸಿದೆ. ಬಾಯಿ ಖಾಲಿಯಾದರೆ ಏನಾದರೂ ಹೇಳಬೇಕಾಗುತ್ತದಲ್ಲ ಎಂದು ನಿಧಾನವಾಗಿಯೇ ತಿಂದೆ.

ಹೆಚ್ಚುವರಿ ಅಂಕ ಹೋದರೆ ಹೋಗಲಿ, ಕನ್ನಡದಲ್ಲಿ ಎ ಬಂದರೆ ಸರಾಸರಿಯಾದರೂ ಉಳಿಯುತ್ತದೆ ಎಂದುಕೊಂಡೆ. ಕನ್ನಡದ ಮೇಡಂ ಇದ್ದದ್ದು ಲುಂಡ್‌ನಲ್ಲಿ, ವಿಡಿಯೊದಲ್ಲಿ ಪಾಠ ಮಾಡುತ್ತಿದ್ದರು. ಕೊನೆಯ ದೊಡ್ಡ ಪ್ರಬಂಧಕ್ಕೆ ಮಗಳು ಅಂಗದಾನದ ವಿಷಯ ಆರಿಸಿಕೊಂಡಳು. ಮೂರು ವಾರ ಕೂತು ಎರಡು ಪುಟ ಬರೆದಳು. ಸಣ್ಣ ಸಣ್ಣ ವಾಕ್ಯ, ಅಲ್ಲಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲು. 'ಸತ್ತ ಮೇಲೆ ನನಗೆ ಕಿಡ್ನಿ ಬೇಡ. ಬೇರೆಯವರಿಗೆ ಬೇಕು' ಎಂಬುದು ಅವಳ ಮೊದಲ ಸಾಲು. ನಾನು ತಪ್ಪು ತಿದ್ದುತ್ತೇನೆಂದು ಇಸಿದುಕೊಂಡೆ. ನನ್ನ ಕೈಯಿಂದ ಹೊರಬಂದಾಗ ಆ ಸಾಲು 'ಅಂಗದಾನವು ಮಾನವೀಯತೆಯ ಮಹೋನ್ನತ ಅಭಿವ್ಯಕ್ತಿಯಾಗಿದೆ' ಎಂದಾಗಿತ್ತು.

ಮೇಡಂ ಅವಳನ್ನು ವಿಡಿಯೊದಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದರು: "ಮಹೋನ್ನತ ಅಂದ್ರೆ ಏನಮ್ಮ?"

ಮಗಳು ಯೋಚಿಸಿ ಹೇಳಿದಳು: "ತುಂಬಾ ಹೊನ್ನು ಇರೋದು?"

ಮರುದಿನ ಮೇಡಂ ನನಗೆ ಫೋನು ಮಾಡಿದರು. ಮೊದಲು ಬೆಂಗಳೂರಿನ ಮರ್ಯಾದಸ್ಥ ಕನ್ನಡದಲ್ಲೇ "ಸರ್, ಇದು ಹುಡುಗಿ ಬರೆದಿದ್ದಲ್ಲ ಅನ್ಸುತ್ತೆ" ಎಂದರು. ನಾನು ಬರೀ ಕಾಗುಣಿತ ತಿದ್ದಿದೆ ಎಂದು ವಾದಿಸಿದೆ. ಮೇಡಂ ಇಷ್ಟು ವರ್ಷ ಅದುಮಿಟ್ಟಿದ್ದ ಧಾರವಾಡ ಆಗ ಹೊರಗೆ ಬಂತು.

"ಅಲ್ರೀ ಸರ, ಆಕಿ ಬರದದ್ದನ್ನ ಯಾಕ ಕೆಡಿಸಿದ್ರಿ? ಮೊದಲಿನ ಡ್ರಾಫ್ಟ್ ನನಗ ಕಳಿಸಿದ್ಲು. ಸಾದಾ ಇತ್ತು, ಖರೇ ಇತ್ತು. ಅದನ್ನ ಹಂಗ ಕೊಟ್ಟಿದ್ರ ನಾ ಏನರ ಮಾಡತಿದ್ದೆ. ಇದು ನಿಮ್ಮ ಭಾಷಣ ಅದ. ನಿಮಗ ಗ್ರೇಡ್ ಕೊಡಾಕ ನನಗ ಅಧಿಕಾರ ಇಲ್ಲರೀ."

ಸಿ ಬಂತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ಸ್ವೀಡಿಷ್, ಎಲ್ಲದರಲ್ಲೂ ಎ, ಮಾತೃಭಾಷೆಯಲ್ಲಿ ಸಿ.

ಜುಲೈಯಲ್ಲಿ ಫಲಿತಾಂಶ ಬಂದಾಗ ಅವಳಿಗೆ ಸಿಕ್ಕಿದ್ದು ಕಾಯುವವರ ಪಟ್ಟಿಯಲ್ಲಿ ಒಂದು ಸಂಖ್ಯೆ. ಮುಂದಿರುವವರಲ್ಲಿ ಎಷ್ಟು ಜನ ಸೀಟು ಬಿಟ್ಟಾರು ಎಂದು ನಾನು ಮತ್ತೆ ಲೆಕ್ಕಕ್ಕೆ ಕೂತೆ. ಮುಖವೂ ಗೊತ್ತಿಲ್ಲದ ಹುಡುಗ ಹುಡುಗಿಯರು ಪ್ರೇಮದಲ್ಲಿ ಬಿದ್ದು ನಾರ್ವೆಗೆ ಓಡಿಹೋಗಲಿ, ರಕ್ತ ಕಂಡರೆ ತಲೆ ತಿರುಗಲಿ ಎಂದೆಲ್ಲ ಬೇಡಿಕೊಂಡೆ. ಯಾರಿಗೂ ಏನೂ ಆಗಲಿಲ್ಲ. ಎರಡನೆಯ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ.

ಅವಳು ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು. ಕ್ಷಮೆ ಕೇಳಬೇಕೆಂದು ಅವಳ ಕೋಣೆಗೆ ಹೋದೆ. ಅಭ್ಯಾಸಬಲ, ಬಾಯಿಗೆ ಬಂದಿದ್ದು ಬೇರೆಯೇ: "ಮುಂದಿನ ಸಲ ಚಾನ್ಸ್ ಜಾಸ್ತಿ ಇದೆ ಪುಟ್ಟಿ, ನಾನು ನೋಡಿದೀನಿ."

"ಮುಂದಿನ ಸಲ ಫಾರಂ ನಾನೇ ಓದ್ತೀನಿ ಅಪ್ಪ," ಎಂದಳು. ತೀರಾ ಸಮಾಧಾನದ ದನಿ. ರೋಗಿಗಳ ಮನೆಯವರ ಜೊತೆ ಮಾತಾಡಲು ಹೇಳಿ ಮಾಡಿಸಿದಂಥದ್ದು.

ಈಗ ಅವಳು ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರೂವರೆಗೆ ಬಸ್ಸು ಹತ್ತುತ್ತಾಳೆ. ಮತ್ತೆ ಅರ್ಜಿ ಹಾಕಿದ್ದಾಳೆಂದು ಗೊತ್ತು. ಯಾವ ಊರುಗಳಿಗೆ, ಯಾವ ಅಂಕದ ಮೇಲೆ ಎಂದು ಗೊತ್ತಿಲ್ಲ. ಹೋದ ಭಾನುವಾರ ಊಟಕ್ಕೆ ಕೂತಾಗ ತಡೆಯಲಾಗದೆ ಕೇಳಿದೆ.

"ಈ ಸಲ ಹೇಗಿದೆ?"

"ಹಾಕಿದೀನಿ ಅಪ್ಪ. ಸಾರು ಹಾಕ್ಕೋ."

ಅವಳು ಎದ್ದು ಹೋದ ಮೇಲೆ ಹೆಂಡತಿಯ ಕಡೆ ತಿರುಗಿದೆ. "ನಿಂಗೇನಾದ್ರೂ ಹೇಳಿದಾಳಾ?"

"ಹೇಳಿದಾಳೆ," ಎಂದಳು ತಟ್ಟೆ ಎತ್ತುತ್ತಾ. "ನಿಮಗೆ ಹೇಳ್ಬೇಡ ಅಂತಾನೂ ಹೇಳಿದಾಳೆ."