ಡ್ರಿಲ್ ಮೇಷ್ಟ್ರ ಹುಲ್ಲುಹಾಸು

ಡ್ರಿಲ್ ಮೇಷ್ಟ್ರು ಶಾಲೆಯಿಂದ ನಿವೃತ್ತರಾದರೂ ಅವರ ಗಂಟಲು ನಿವೃತ್ತವಾಗಿರಲಿಲ್ಲ. ಮನೆಯಲ್ಲಿ ಟವೆಲ್ ಮಡಿಸುವುದಕ್ಕೂ ಅವರ ಆಜ್ಞೆಯಿತ್ತು, ಚಮಚ ತೊಳೆಯುವುದಕ್ಕೂ ಇತ್ತು. ಎಲ್ಲದಕ್ಕೂ “ಹೂಂ, ಆಯ್ತು” ಎಂದು, ತಮಗೆ ತೋಚಿದಂತೆ ಮಾಡಿಕೊಳ್ಳುವ ವಿದ್ಯೆಯನ್ನು ಅವರ ಹೆಂಡತಿ ಎಂದೋ ಕಲಿತುಬಿಟ್ಟಿದ್ದರು. ಹೇಳಿದ ಮಾತು ಕೇಳುವುದಕ್ಕೆ ಮೇಷ್ಟ್ರಿಗೆ ಉಳಿದಿದ್ದುದು ಮನೆಮುಂದಿನ ಹುಲ್ಲುಹಾಸು ಮಾತ್ರ. ಒಂದೇ ಎತ್ತರ, ಒಂದೇ ಬಣ್ಣ, ಒಂದು ಎಳೆಯೂ ಸಾಲು ಬಿಟ್ಟು ಇಣುಕುವಂತಿಲ್ಲ.

ಈ ಬೇಸಿಗೆಯಲ್ಲಿ ಆ ಹುಲ್ಲೂ ತಿರುಗಿಬಿತ್ತು. ‘ಹುಲ್ಲು ತುಳಿಯಬೇಡಿ’ ಎಂಬ ಫಲಕ ನಿಲ್ಲಿಸಲು ಮೇಷ್ಟ್ರೇ ಗೇಟಿನ ಬಳಿ ಕಬ್ಬಿಣದ ಗೂಟ ಜಡಿದಿದ್ದರು. ಅದರ ಬುಡದಲ್ಲೇ ತಟ್ಟೆಯಗಲ ಹುಲ್ಲು ಸತ್ತಿತು. ಅವರು ಒಣಗಿದ್ದನ್ನು ಕೆರೆದು ತೆಗೆದು, ಮಣ್ಣು ಸಡಿಲಿಸಿ, ತಾವೇ ಕೊಳೆಸಿದ ಗೊಬ್ಬರ ಬೆರೆಸಿ, ಬೀಜ ಚೆಲ್ಲಿ, ಹದವಾಗಿ ನೀರು ಚಿಮುಕಿಸಿದರು. ಮೊಳಕೆ ತಲೆಯೆತ್ತಿ ಸುತ್ತ ನೋಡಿ, ಈ ಲೋಕ ಬೇಡವೆಂಬಂತೆ ಮಲಗಿಬಿಟ್ಟಿತು. ಆಮೇಲೆ ಇನ್ನೊಂದು ಬೋಳು ಕಂಡಿತು, ಅದರಾಚೆ ಮತ್ತೊಂದು. ಗೇಟಿನಿಂದ ಅಡುಗೆಮನೆಯತ್ತ ನೆಟ್ಟಗೆ ಸಾಲು. ಅಡುಗೆಮನೆಗೆ ಗ್ಯಾಸ್ ತರುವ ಕೊಳವೆಯೂ ನೆಲದಡಿ ಅದೇ ದಾರಿ ಹಿಡಿದಿತ್ತು. ಮೇಷ್ಟ್ರಿಗೆ ಅದು ಗೊತ್ತಿತ್ತು, ನೆನಪಿರಲಿಲ್ಲ.

“ಸತ್ರೂ ಸಾಲು ತಪ್ಪಿಲ್ಲ ನೋಡಿ, ನಿಮ್ಮ ಶಿಷ್ಯರೇ ಸರಿ!” ಎಂದ ಪಕ್ಕದ ಮನೆಯ ದರ್ಜಿ, ಬೇಲಿಯಾಚೆ ಮೂಗು ಮುಚ್ಚಿಕೊಂಡು. “ಅದ್ಸರಿ, ಏನ್ ಮೇಷ್ಟ್ರೇ ಇದು, ಕೊಳೆತ ಮೊಟ್ಟೆ ವಾಸನೆ?”

“ಗೊಬ್ಬರ ಕಣಯ್ಯಾ. ಒಳ್ಳೇ ಗೊಬ್ಬರ ಅಂದ್ರೆ ಹಾಗೇನೇ.”

ಹಿಂದೊಮ್ಮೆ ಜ್ವರ ಬಂದು ಹೋಗುವಾಗ ಮೇಷ್ಟ್ರ ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಮೂಗೇ ಮಾತು ಕೇಳದವನ ಮಾತನ್ನು ಇನ್ಯಾರು ಕೇಳುತ್ತಾರೆ?

“ವಾಸನೆ ಒಳಗೂ ಬರ್ತಿದೆ ಕಣ್ರೀ,” ಎಂದರು ಹೆಂಡತಿ. “ಯಾರನ್ನಾದ್ರೂ ಕರೆಸಿ ತೋರಿಸಬಾರದಾ?”

“ಕಿಟಕಿ ಮುಚ್ಕೋ!”

ಅಷ್ಟು ವರ್ಷಗಳ ಸಂಸಾರದಲ್ಲಿ ಆ ಒಂದು ಆಜ್ಞೆಯನ್ನು ಮಾತ್ರ ಹೆಂಡತಿ ಚಾಚೂ ತಪ್ಪದೆ ಪಾಲಿಸಿದರು.

ಕೊನೆಯ ಬೋಳು ಅಡುಗೆಮನೆಯ ಗೋಡೆಗೆ ಬಂದು ಒರಗಿದ ಸಂಜೆ ಮೇಷ್ಟ್ರಿಗೆ ಹೊಸ ಉಪಾಯ ಹೊಳೆಯಿತು: ಒಣಹುಲ್ಲನ್ನು ಸುಟ್ಟರೆ ಬೂದಿಯೇ ಗೊಬ್ಬರ. ಗೇಟಿನ ಬಳಿ ಕುಕ್ಕರಗಾಲಿನಲ್ಲಿ ಕೂತು ಕಡ್ಡಿ ಗೀರಿದರು. ಹುಲ್ಲು ಚಿಟಿಕೆ ಹೊಡೆಯುವುದರಲ್ಲಿ ಉರಿದುಹೋಯಿತು. ಉರಿ ಹೋಗಲಿಲ್ಲ. ಬರಿ ಮಣ್ಣಿನ ಮೇಲೆ, ಗೂಟದ ಬುಡದಲ್ಲಿ, ನೀಲಿ ನಾಲಿಗೆಯೊಂದು ಅಟೆನ್ಷನ್‌ನಲ್ಲಿ ನಿಂತಿತ್ತು. ಕೊಡ ನೀರು ಸುರಿದರು. ಅದು ಚುಯ್ ಎಂದು ಬಗ್ಗಿ, ಮತ್ತೆ ಎದ್ದು ನಿಂತಿತು. ಯಾರೂ ಮುಟ್ಟದೆಯೇ ಪಕ್ಕದ ಬೋಳಿನಲ್ಲಿ ಇನ್ನೊಂದು ಹೊತ್ತಿಕೊಂಡಿತು.

ಮೇಷ್ಟ್ರ ಕಣ್ಣು ಸಾಲು ಹಿಡಿದು ಹೋಯಿತು. ಗೋಡೆ. ಮುಚ್ಚಿದ ಕಿಟಕಿ. ಈಗ ನೆನಪಾಯಿತು.

“ಒಲೆ ಹಚ್ಬೇಡ! ಆಚೆ ಬಾ!”

ಇಡೀ ಮೈದಾನವನ್ನೇ ನಿಲ್ಲಿಸುತ್ತಿದ್ದ ದನಿ ಅದು. ಯಾರೂ ತುಳಿಯಬಾರದ ಹುಲ್ಲನ್ನು ತಾವೇ ತುಳಿಯುತ್ತ ಮೇಷ್ಟ್ರು ಓಡಿದರು. ಒಳಗೆ ಒಲೆಯ ಮೇಲೆ ಪಾತ್ರೆಯಿಟ್ಟ ಸದ್ದು. ಹಿಂದೆಯೇ, ಎಂದಿನಂತೆ, ನೆಮ್ಮದಿಯ ಉತ್ತರ:

“ಹೂಂ, ಆಯ್ತು.”