ಮೊಳಕೆ ಬಿಟ್ಟ ಕೌದಿ

ಮೂರು ದಿನದಿಂದ ಹಿತ್ತಲಿನ ಬೇವಿನಡಿ ಮಂಚದ ಮೇಲಿದ್ದ ಕೌದಿಯನ್ನು ಮಡಚಲು ಹೋದೆ. ಮೂಲೆಯ ಹೊಲಿಗೆಯ ಸಂದಿನಿಂದ ಜೋಳದ ಮೊಳಕೆಗಳು ಇಣುಕುತ್ತಿದ್ದವು! ಮರುದಿನ ಮಗಳು ಬಾಣಂತನ ಮುಗಿಸಿ ಕೊಟ್ಟೂರಿಗೆ, ಗಂಡನ ಮನೆಗೆ ಹೊರಡುವವಳು. ಕೂಸಿಗೆ ಹೊದಿಸಲೆಂದೇ ಹಳೆ ಸೀರೆಗಳಿಂದ ಹೊಲಿದ ಕೌದಿ ಅದು.

ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ನಾಲ್ಕು ಕಾಳು ಜೋಳ ಇಟ್ಟು ಹೊಲಿಯುವುದು ನಮ್ಮ ಪದ್ಧತಿ. ಅದನ್ನು ನೋಡಿದ್ದ ಐದು ವರ್ಷದ ಮೊಮ್ಮಗಳು, ಬದನೆ ಸಸಿಗೆ ನೀರು ಹಾಕುವಾಗಲೆಲ್ಲ ಆ ಮೂಲೆಗೂ ಒಂದು ಲೋಟ ಸುರಿದಿದ್ದಾಳೆ.

ಕೇಳಿದರೆ ನನಗೇ ಗದರಿದಳು: “ಇಂಥ ಬಿಸಿಲಾಗ ಬರೇ ಉಣ್ಣಾಕ ಕೊಟ್ಟಿ, ಕುಡಿಯಾಕ ನೀರು ಬ್ಯಾಡೇನಜ್ಜಿ ಅದಕ್ಕ?”

ಪಕ್ಕದ ಮನೆಯ ಗಂಗಮ್ಮ, “ತಡಿಯಬೇ, ತೆನಿ ಬಿಡಲಿ, ಆಮ್ಯಾಲ ಕಳಿಸುವಿಯಂತ” ಎಂದು ಬಿದ್ದು ಬಿದ್ದು ನಕ್ಕಳು.

ಮೂಲೆ ಬಿಚ್ಚಿ, ಒಣಗಿಸಿ, ಮತ್ತೆ ಹೊಲಿದು ಕೂಸಿನ ಜೊತೆ ಕಳಿಸಿದೆ. ಎಷ್ಟೋ ಕೌದಿಗಳಿಗೆ ಉಣಿಸಿದ ಕೈ ನನ್ನದು. ಅವಕ್ಕೆ ಬಾಯಾರಿಕೆಯೂ ಆದೀತೆಂದು ಒಮ್ಮೆಯೂ ಹೊಳೆದಿರಲಿಲ್ಲ ನೋಡಿ.